ಮನೆಯ ಅಂತರ್ಜಾಲದ ವೇಗವನ್ನು ಅಳೆಯುವ ಕ್ರಮ

'ವೇಗ' ಎಂಬ ಮಾತನ್ನು ನಾವು ಈಗ ದಿನಕ್ಕೆ ಹತ್ತು ಸಲವಾದರೂ ಆಡುತ್ತೇವೆ. ಬಸ್ಸಿನ ವೇಗವಲ್ಲ, ಅಂತರ್ಜಾಲದ ವೇಗ. ಹಾಸ್ಟೆಲಿನ ಜಗಲಿಯಲ್ಲಿ, ಗ್ರಂಥಾಲಯದ ಮೆಟ್ಟಿಲ ಮೇಲೆ, ಅದರಲ್ಲಿಯೂ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ, "ನಮ್ಮದು ಬಹಳ ನಿಧಾನ" ಎಂದು ಒಬ್ಬರು, "ನಮ್ಮದು ನೂರಿದೆ" ಎಂದು ಇನ್ನೊಬ್ಬರು ಹೇಳುವುದುಂಟು. ನೂರು ಎಂದರೆ ನೂರು ಏನು, ಎಲ್ಲಿಂದ ಎಲ್ಲಿಗೆ ಅಳೆದದ್ದು, ಯಾವ ಹೊತ್ತಿನಲ್ಲಿ ಅಳೆದದ್ದು ಎಂದು ಮರುಪ್ರಶ್ನೆ ಹಾಕಿದರೆ ಮಾತ್ರ ಉತ್ತರ ಬರುವುದು ಅಪರೂಪ. ಆ ಮೂರು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇನೆ.

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುತ್ತಿರುವ ಅಂತಿಮ ಬಿ.ಎ. ತರಗತಿಯವನು. ಈ ವಿಷಯಕ್ಕೆ ಕೈಹಾಕಲು ಕಾರಣ ಮನೆಯ ಲೆಕ್ಕ. ನಮ್ಮ ಮನೆತನದಲ್ಲಿ ಕಾಲೇಜಿಗೆ ಬಂದವರಲ್ಲಿ ನಾನೇ ಮೊದಲಿಗ. ತಂಗಿ ಈಗ ದ್ವಿತೀಯ ಪಿ.ಯು.ಸಿ.ಯಲ್ಲಿದ್ದಾಳೆ. ಅವಳ ರಾತ್ರಿ ಪಾಠಗಳಿಗೂ ನನ್ನ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯಾಸಕ್ಕೂ ಆಗಲೆಂದು ಕಳೆದ ವರ್ಷ ಮನೆಗೆ ಗಾಜಿನೆಳೆಯ ಸಂಪರ್ಕವನ್ನು ಹಾಕಿಸಿದೆವು. ಕಂಪೆನಿ ಹೇಳಿದ ವೇಗ ೪೦. ದರ ತಿಂಗಳಿಗೆ ೪೦೦ ರೂಪಾಯಿ, ಅದರ ಮೇಲೆ ಶೇಕಡ ೧೮ ತೆರಿಗೆ, ಒಟ್ಟು ೪೭೨. ತಾಲ್ಲೂಕಿನ ಮಂಡಿಯಲ್ಲಿ ಹಮಾಲಿ ಮಾಡುವ ನಮ್ಮ ತಂದೆಯವರಿಗೆ ಇದು ಸಣ್ಣ ಮೊತ್ತವಲ್ಲ. ತಂಗಿಯ ಪಾಠ ನಿಂತು ನಿಂತು ಹೋಗುವುದನ್ನು ನಾಲ್ಕಾರು ದಿನ ನೋಡಿದ ಮೇಲೆ ಅವರು ಒಂದು ರಾತ್ರಿ, "ಅಲ್ಲ ಮಗ, ಕೊಟ್ಟ ಕಾಸಿಗೆ ಮಾಲು ಸರಿಯಾಗಿ ತೂಗಿ ಕೊಡ್ತಾವ್ರೋ ಇಲ್ವೋ ಅಂತ ನೋಡೋದು ಹೆಂಗೆ?" ಎಂದು ಕೇಳಿದರು. ಈ ಸಮಸ್ಯೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪುಸ್ತಕವೂ ನನ್ನ ಮುಂದೆ ಇಟ್ಟಿಲ್ಲ.

ತೂಕವೆಂದಮೇಲೆ ಮೊದಲು ಮಾನವನ್ನು ತಿಳಿಯಬೇಕು. ಕಂಪೆನಿಗಳು ವೇಗವನ್ನು ಹೇಳುವುದು ಬಿಟ್ಟಿನಲ್ಲಿ. ನಮ್ಮ ಫೋನು ಕಡತದ ಗಾತ್ರವನ್ನು ತೋರಿಸುವುದು ಬೈಟಿನಲ್ಲಿ. ಎಂಟು ಬಿಟ್ಟುಗಳು ಸೇರಿ ಒಂದು ಬೈಟು. ಇಂಗ್ಲಿಷಿನಲ್ಲಿ ಎರಡಕ್ಕೂ ಸಂಕೇತ ಒಂದೇ ಅಕ್ಷರ, ಸಣ್ಣದಾಗಿ ಬರೆದರೆ ಬಿಟ್ಟು, ದೊಡ್ಡದಾಗಿ ಬರೆದರೆ ಬೈಟು. ಆದುದರಿಂದ ೪೦ ಎಂಬುದು ಸೆಕೆಂಡಿಗೆ ೪೦ ಮೆಗಾಬಿಟ್ಟು, ಅಂದರೆ ೫ ಮೆಗಾಬೈಟು ಮಾತ್ರ. ಪಾಠದ ಒಂದು ಮುದ್ರಿಕೆ ೨೫೦ ಮೆಗಾಬೈಟು ಇದೆಯೆನ್ನೋಣ. ಅದು ಇಳಿಯಲು ೫೦ ಸೆಕೆಂಡು ಬೇಕು. ಆರು ಸೆಕೆಂಡಿನಲ್ಲಿ ಬರಬೇಕಿತ್ತೆಂದು ಜಗಳಕ್ಕೆ ಹೋದರೆ ಸೋಲು ನಮ್ಮದೇ. ಪ್ರಾಸಂಗಿಕವಾಗಿ ಒಂದು ಮಾತು: ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ೨೦೦೪ರ ನೀತಿಯಲ್ಲಿ ಸೆಕೆಂಡಿಗೆ ೨೫೬ ಕಿಲೋಬಿಟ್ಟು ಇದ್ದರೆ ಸಾಕು, ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದಾಗಿತ್ತು. ೨೦೨೩ರ ಜನವರಿಯಲ್ಲಿ ಆ ಕನಿಷ್ಠವನ್ನು ೨ ಮೆಗಾಬಿಟ್ಟಿಗೆ ಏರಿಸಿದರು. ಹೀಗೆ ಹೆಸರು ಒಂದೇ ಆಗಿದ್ದು ಅಳತೆ ಬದಲಾಗುತ್ತ ಬಂದಿರುವುದರಿಂದ, 'ಬ್ರಾಡ್‌ಬ್ಯಾಂಡ್ ಇದೆ' ಎಂಬ ಮಾತಿನಿಂದ ವೇಗದ ವಿಷಯವಾಗಿ ಏನೂ ತಿಳಿಯುವುದಿಲ್ಲ.

ಮಾನದ ನಂತರ ಚೀಲದ ತೂಕ. ಮಂಡಿಯಲ್ಲಿ ಭತ್ತ ತೂಗುವಾಗ ಗೋಣಿಯ ತೂಕವನ್ನು ಕಳೆಯುವುದುಂಟಷ್ಟೆ. ಅಂತರ್ಜಾಲದಲ್ಲಿಯೂ ಸರಕು ಬಿಡಿಯಾಗಿ ಬರುವುದಿಲ್ಲ; ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬರುತ್ತದೆ. ಸಾಮಾನ್ಯವಾಗಿ ಒಂದು ಪೊಟ್ಟಣ ಹೆಚ್ಚೆಂದರೆ ೧೫೦೦ ಬೈಟು. ಅದರಲ್ಲಿ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೆಯದು ಎಂಬ ವಿಳಾಸ ವಿವರಗಳೇ ೪೦ ಬೈಟು. ತಂತಿಯ ಮೇಲೆ ಸಾಗುವಾಗ ಇನ್ನೂ ೩೮ ಬೈಟಿನಷ್ಟು ಹೊರಕಟ್ಟು ಸೇರುತ್ತದೆ. ಎಂದರೆ ೧೫೩೮ರಲ್ಲಿ ನಮಗೆ ದಕ್ಕುವ ಕಾಳು ೧೪೬೦, ಶೇಕಡ ಸುಮಾರು ೯೫. ಆದ್ದರಿಂದ ೪೦ರ ಸಂಪರ್ಕದಲ್ಲಿ ೩೮ ಬಂದರೆ ಪೂರ್ತಿ ಬಂದಂತೆಯೇ ಎಣಿಸತಕ್ಕದ್ದು. ಕೆಲವು ಕಂಪೆನಿಗಳು ಈ ಕೊರತೆಯನ್ನು ತುಂಬಲು ಸ್ವಲ್ಪ ಹೆಚ್ಚಾಗಿಯೇ ಬಿಡುವುದುಂಟು. ಅದು ಅವರ ಔದಾರ್ಯ, ಹಕ್ಕೆಂದು ಕೇಳುವಂತಿಲ್ಲ.

ಇನ್ನು ಮುಖ್ಯವಾದ ಪ್ರಶ್ನೆ: ಎಲ್ಲಿಂದ ಎಲ್ಲಿಗೆ? ಫೋನಿನ ಪರದೆಯ ಮೇಲೆ ಗುಂಡಿಯೊತ್ತಿದರೆ ಮುಳ್ಳು ತಿರುಗಿ ಒಂದು ಸಂಖ್ಯೆ ನಿಲ್ಲುತ್ತದೆ. ಅದನ್ನು ನಾವು 'ಕಂಪೆನಿ ಕೊಡುವ ವೇಗ' ಎಂದು ಓದುತ್ತೇವೆ. ವಾಸ್ತವವಾಗಿ ಅದು ಒಂದು ಉದ್ದನೆಯ ದಾರಿಯ ಅತ್ಯಂತ ಇಕ್ಕಟ್ಟಾದ ಜಾಗದ ಅಳತೆ. ನಮ್ಮ ಮನೆಯ ದಾರಿಯನ್ನೇ ಹೇಳುತ್ತೇನೆ. ತಂಗಿಯ ಫೋನಿನಿಂದ ಗೋಡೆಗಳನ್ನು ಹಾದು ನಡುಮನೆಯ ರೂಟರಿಗೆ ಗಾಳಿಯ ಮೂಲಕ ಒಂದು ಹಂತ. ರೂಟರಿನಿಂದ ಊರ ಮುಂದಿನ ಕಂಬದ ಪೆಟ್ಟಿಗೆಗೆ ಗಾಜಿನ ಎಳೆಯಲ್ಲಿ ಎರಡನೆಯ ಹಂತ. ಅಲ್ಲಿಂದ ಒಂಬತ್ತು ಕಿಲೋಮೀಟರು ದೂರದ ತಾಲ್ಲೂಕು ಕೇಂದ್ರದಲ್ಲಿರುವ ಕಂಪೆನಿಯ ಕೊಠಡಿಗೆ, ಅಲ್ಲಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಪಾಠವಿರುವ ಯಂತ್ರ ಎಲ್ಲಿದೆಯೋ ಅಲ್ಲಿಗೆ. ಈ ಹಂತಗಳಲ್ಲಿ ಮೊದಲನೆಯದು ನಮ್ಮದು, ನಡುವಿನವು ಕಂಪೆನಿಯವು, ಕೊನೆಯದು ಇಬ್ಬರದೂ ಅಲ್ಲ. ಒಂದೇ ಒಂದು ಅಳತೆಯಿಂದ ದೋಷ ಯಾರದೆಂದು ಹೇಳಲಾಗುವುದಿಲ್ಲ. ಅಳತೆಯನ್ನು ಹಂತ ಹಂತವಾಗಿ ಬಿಡಿಸಿದರೆ ಹೇಳಬಹುದು. ನಾನು ಹದಿನಾಲ್ಕು ದಿನ ಮಾಡಿದುದು ಇಷ್ಟೇ ಕೆಲಸ.

ಮೊದಲ ಹಂತವಾದ ವೈಫೈಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಮನೆಗಳಲ್ಲಿ ಕಳೆದುಹೋಗುವ ವೇಗದ ಬಹುಪಾಲು ಇಲ್ಲಿಯೇ ಕಳೆದುಹೋಗುತ್ತದೆ. ರೂಟರುಗಳು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಮಾತಾಡುತ್ತವೆ. ೨.೪ ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ಗೋಡೆಯನ್ನು ಒಂದಿಷ್ಟು ಹಾಯುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಬಲ್ಲ ಕಾಲುವೆಗಳು ಮೂರೇ, ೧, ೬ ಮತ್ತು ೧೧. ಅಕ್ಕಪಕ್ಕದ ಮನೆಗಳ ರೂಟರುಗಳೂ ಪೇಟೆಯ ಮನೆಗಳ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ೫ ಗಿಗಾಹರ್ಟ್ಸಿನದು ವೇಗವಾದದ್ದು, ಗದ್ದಲ ಕಡಿಮೆ. ಆದರೆ ಗೋಡೆಗೆ ಬೇಗ ಸೋಲುತ್ತದೆ. ಅಗ್ಗದ ಹಳೆಯ ಫೋನುಗಳಿಗೆ ಮೊದಲನೆಯ ಪಟ್ಟಿ ಮಾತ್ರ ಗೊತ್ತು. ಅಂಥ ಫೋನಿನಲ್ಲಿ 'ಸಂಪರ್ಕ ವೇಗ ೭೨' ಎಂದು ಕಾಣುವುದುಂಟು. ಅದು ಫೋನಿಗೂ ರೂಟರಿಗೂ ನಡುವಣ ಮಾತಿನ ಗರಿಷ್ಠ ದರವೇ ಹೊರತು ಅಂತರ್ಜಾಲದ ವೇಗವಲ್ಲ. ಗಾಳಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಮಿಕ್ಕವರು ಕಾಯಬೇಕು. ಆದುದರಿಂದ ಆ ದರದ ಅರ್ಧದಷ್ಟು ಕೈಗೆ ಬಂದರೆ ಅದೇ ಹೆಚ್ಚು.

ನಮ್ಮ ಮನೆ ಹಳೆಯ ಮಣ್ಣಿನ ಗೋಡೆಯದು. ಗೋಡೆಯ ದಪ್ಪ ಒಂದೂವರೆ ಅಡಿ. ತಂತಿ ಒಳಗೆ ಬಂದ ಮೂಲೆಯಲ್ಲಿಯೇ ರೂಟರನ್ನು ಕಂಪೆನಿಯವರು ಕೂರಿಸಿಹೋಗಿದ್ದರು. ಆ ಮೂಲೆಗೂ ತಂಗಿ ಓದುವ ಒಳಕೋಣೆಗೂ ನಡುವೆ ಎರಡು ಗೋಡೆ, ಒಂದು ಕಬ್ಬಿಣದ ಬೀರು, ನೀರಿನ ಒಂದು ಡ್ರಮ್ಮು. ಲೋಹ ಅಲೆಗಳನ್ನು ತಡೆದು ಹಿಂದಕ್ಕೆ ಅಟ್ಟುತ್ತದೆ, ನೀರು ಅವುಗಳನ್ನು ಹೀರಿಕೊಳ್ಳುತ್ತದೆ. ಒಳಕೋಣೆಯಲ್ಲಿ ಫೋನು ತೋರಿಸಿದ್ದು ಬೆಳಗ್ಗೆ ೧೧, ರಾತ್ರಿ ೩. ಅದೇ ಬೆಳಗ್ಗೆ ರೂಟರಿನ ಮುಂದೆ ನಿಂತು ನನ್ನ ಫೋನನ್ನು ೫ ಗಿಗಾಹರ್ಟ್ಸಿಗೆ ಸೇರಿಸಿ ಅಳೆದರೆ ೩೬. ರೂಟರನ್ನು ನಡುಮನೆಯ ತೊಲೆಯ ಪಕ್ಕದಲ್ಲಿ ಆಳೆತ್ತರಕ್ಕೆ ಒಂದು ಹಲಗೆ ಬಡಿದು ಇಟ್ಟೆವು, ಡ್ರಮ್ಮನ್ನು ಹಿತ್ತಲಿಗೆ ಸಾಗಿಸಿದೆವು. ಒಳಕೋಣೆಯ ಬೆಳಗಿನ ಅಳತೆ ೧೧ರಿಂದ ೨೬ಕ್ಕೆ ಏರಿತು. ಖರ್ಚು ಎರಡು ಮೊಳೆ. ಆದರೆ ರಾತ್ರಿಯ ಅಳತೆ ೩ರಿಂದ ೯ಕ್ಕೆ ಬಂದು ಅಲ್ಲಿಯೇ ನಿಂತಿತು. ಅಂದಮೇಲೆ ಎರಡನೆಯ ದೋಷವೊಂದು ಬೇರೆ ಎಲ್ಲಿಯೋ ಇರಲೇಬೇಕು.

ಅದನ್ನು ಹುಡುಕಬೇಕಾದರೆ ಗಾಳಿಯ ಹಂತವನ್ನು ದಾರಿಯಿಂದ ತೆಗೆದುಬಿಡಬೇಕು. ಎಂದರೆ ಲ್ಯಾಪ್‌ಟಾಪನ್ನು ಲ್ಯಾನ್ ತಂತಿಯಿಂದ ನೇರವಾಗಿ ರೂಟರಿಗೆ ಜೋಡಿಸಬೇಕು. ನಮ್ಮಲ್ಲಿ ಲ್ಯಾಪ್‌ಟಾಪಿಲ್ಲ, ಹಿರಿಯ ವಿದ್ಯಾರ್ಥಿಯೊಬ್ಬರು ಎರಡು ವಾರಕ್ಕೆ ಎರವಲು ಕೊಟ್ಟರು. ತಂತಿಯ ಅಳತೆಯೊಂದೇ ಕಂಪೆನಿಯ ಮುಂದೆ ನಿಲ್ಲುವ ಅಳತೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ವೈಫೈಯ ಅಳತೆಯನ್ನು ಎಷ್ಟು ಸಲ ತೋರಿಸಿದರೂ "ನಿಮ್ಮ ಫೋನು ಹಳೆಯದು" ಎಂಬ ಒಂದೇ ಉತ್ತರದಿಂದ ಅವರು ಅದನ್ನು ಹೊಡೆದುಹಾಕಬಹುದು. ನನಗೆ ದೂರವಾಣಿಯಲ್ಲಿ ಮೊದಲು ಬಂದ ಉತ್ತರವೂ ಅದೇ.

ತಂತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಲ್ಯಾನ್ ತಂತಿಯೊಳಗೆ ಎಂಟು ಎಳೆಗಳು, ನಾಲ್ಕು ಜೋಡಿ. ಸೆಕೆಂಡಿಗೆ ೧೦೦ ಮೆಗಾಬಿಟ್ಟು ಸಾಗಿಸಲು ಎರಡು ಜೋಡಿ ಸಾಕು. ೧೦೦೦ಕ್ಕೆ ನಾಲ್ಕೂ ಬೇಕು. ಒಂದು ಎಳೆ ತುಂಡಾಗಿದ್ದರೂ ಯಂತ್ರಗಳು ದೂರು ಹೇಳದೆ ೧೦೦ಕ್ಕೆ ಇಳಿದು ಕೆಲಸ ಮಾಡುತ್ತಿರುತ್ತವೆ. ನಮ್ಮ ಅಧ್ಯಾಪಕರೊಬ್ಬರ ಮನೆಯಲ್ಲಿ ೨೦೦ರ ಸಂಪರ್ಕವಿದ್ದು, ಯಾವಾಗ ಅಳೆದರೂ ೯೪ ಮಾತ್ರ ಬರುತ್ತಿತ್ತು. ಹೊತ್ತು ಬದಲಾದರೂ ಕದಲದ ೯೪ ಎಂದರೆ, ಗೋಣಿಯ ತೂಕ ಕಳೆದ ೧೦೦ ಎಂದೇ ಅರ್ಥ. ತಂತಿಯನ್ನು ಬದಲಿಸಿದೊಡನೆ ಸರಿಹೋಯಿತು. ಆ ದಿನ ಅವರ ಮನೆಯಲ್ಲಿ ನನಗೆ ದೊರೆತ ಕಾಫಿಯ ರುಚಿಯನ್ನು ಇಲ್ಲಿ ವರ್ಣಿಸಲು ಸಂಪಾದಕರು ಒಪ್ಪಲಾರರು.

ಅಳೆಯುವ ಮುನ್ನ ಮನೆಯ ಮಿಕ್ಕ ಫೋನುಗಳ ವೈಫೈಯನ್ನು ಆರಿಸಬೇಕು. ನಮ್ಮ ಬೀದಿಯಲ್ಲಿ ನಮ್ಮ ಗುಪ್ತಪದ ನಾಲ್ಕು ಮನೆಗಳ ಮಕ್ಕಳಿಗೆ ಗೊತ್ತಿರುವುದರಿಂದ ಇದು ಬರಿಯ ಯಂತ್ರದ ಕೆಲಸವಾಗಿರಲಿಲ್ಲ, ಸ್ವಲ್ಪ ಸಂಧಾನದ ಕೆಲಸವೂ ಆಯಿತು. ಲ್ಯಾಪ್‌ಟಾಪು ಹಿನ್ನೆಲೆಯಲ್ಲಿ ಏನನ್ನಾದರೂ ಇಳಿಸಿಕೊಳ್ಳುತ್ತಿದ್ದರೆ ಅದನ್ನೂ ನಿಲ್ಲಿಸಬೇಕು. ತಿಂಗಳ ಮಿತಿ ಮುಗಿದಮೇಲೆ ಕಂಪೆನಿಯವರೇ ವೇಗವನ್ನು ಇಳಿಸುವ ಕರಾರು ಇದ್ದರೆ, ಮಿತಿ ಮುಗಿದಿಲ್ಲವೆಂದು ಖಚಿತಪಡಿಸಿಕೊಂಡೇ ಅಳೆಯಬೇಕು.

ಈಗ ದಾರಿಯ ಆಚೆಯ ತುದಿ. ಅಳೆಯುವ ಸಾಧನಗಳು ಹಲವಿವೆ: ೨೦೦೬ರಿಂದ ಇರುವ ಊಕ್ಲಾ ಸಂಸ್ಥೆಯ ಸ್ಪೀಡ್‌ಟೆಸ್ಟ್, ೨೦೦೯ರಲ್ಲಿ ಆರಂಭವಾದ ಮೆಷರ್‌ಮೆಂಟ್ ಲ್ಯಾಬಿನ ಪರೀಕ್ಷೆ, ೨೦೧೬ರಲ್ಲಿ ನೆಟ್‌ಫ್ಲಿಕ್ಸ್ ಹೊರತಂದ ಫಾಸ್ಟ್.ಕಾಮ್, ಅದೇ ವರ್ಷ ನಮ್ಮ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರತಂದ ಮೈಸ್ಪೀಡ್. ಒಂದೇ ಮನೆಯಲ್ಲಿ, ಒಂದೇ ಗಂಟೆಯಲ್ಲಿ ಇವು ಬೇರೆ ಬೇರೆ ಸಂಖ್ಯೆ ಕೊಟ್ಟರೆ, ಯಾವುದೋ ಒಂದು ಸುಳ್ಳು ಹೇಳುತ್ತಿದೆಯೆಂದು ಭಾವಿಸಬಾರದು. ಅವು ಅಳೆಯುವ ದಾರಿ ಬೇರೆ. ಊಕ್ಲಾದ ಪರೀಕ್ಷೆ ಸಾಮಾನ್ಯವಾಗಿ ಹತ್ತಿರದ ಯಂತ್ರವೊಂದನ್ನು ಆರಿಸಿಕೊಂಡು ಏಕಕಾಲಕ್ಕೆ ಹಲವು ಧಾರೆಗಳಲ್ಲಿ ಸರಕು ತರಿಸುತ್ತದೆ. ಆ ಯಂತ್ರ ಅನೇಕ ವೇಳೆ ಸಂಪರ್ಕ ಕೊಡುವ ಕಂಪೆನಿಯ ಅಂಗಳದಲ್ಲಿಯೇ ಇರುವುದುಂಟು. ಹೀಗಿರುವಲ್ಲಿ ಅಳತೆ ಕಂಪೆನಿಯ ಕಾಂಪೌಂಡು ದಾಟುವುದೇ ಇಲ್ಲ. ಮೆಷರ್‌ಮೆಂಟ್ ಲ್ಯಾಬಿನದು ಒಂದೇ ಧಾರೆಯಲ್ಲಿ, ಕಂಪೆನಿಯ ಹೊರಗಿನ ಯಂತ್ರದವರೆಗೆ ಅಳೆಯುತ್ತದೆ, ಫಾಸ್ಟ್.ಕಾಮ್ ನೆಟ್‌ಫ್ಲಿಕ್ಸಿನ ಯಂತ್ರಗಳಿಂದ ತರಿಸುತ್ತದೆ. ನಾನು ಎರಡನ್ನೂ ಬಳಸಿದೆ, ಕಂಪೆನಿಯೊಳಗಿನದನ್ನು ಒಮ್ಮೆ, ಹೊರಗಿನದನ್ನು ಒಮ್ಮೆ. ಒಳಗಿನದು ಚೆನ್ನಾಗಿದ್ದು ಹೊರಗಿನದು ಮಾತ್ರ ಬಿದ್ದರೆ ಇಕ್ಕಟ್ಟು ಹೊರದಾರಿಯಲ್ಲಿದೆ. ಎರಡೂ ಬಿದ್ದರೆ ಒಳಗೇ ಇದೆ.

ಪರೀಕ್ಷೆಯ ಮುಳ್ಳು ಮೊದಲೆರಡು ಸೆಕೆಂಡು ಕೆಳಗಿದ್ದು ಆಮೇಲೆ ಏರುವುದನ್ನು ಎಲ್ಲರೂ ನೋಡಿರಬಹುದು. ಇದರ ಹಿಂದೆ ಒಂದು ಇತಿಹಾಸವಿದೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಇಡೀ ಅಭ್ಯಾಸದಲ್ಲಿ ಅತ್ಯಂತ ಹಿಡಿಸಿದ ಭಾಗ ಇದು. ೧೯೮೬ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಣ ವೇಗ ಸೆಕೆಂಡಿಗೆ ೩೨,೦೦೦ ಬಿಟ್ಟಿನಿಂದ ೪೦ ಬಿಟ್ಟಿಗೆ ಕುಸಿಯಿತು. ಎರಡಕ್ಕೂ ಇದ್ದ ದೂರ ಕೇವಲ ೪೦೦ ಗಜ; ಚೀಟಿ ಬರೆದು ಆಳಿನ ಕೈಯಲ್ಲಿ ಕಳುಹಿಸಿದ್ದರೆ ಬೇಗ ತಲಪುತ್ತಿತ್ತು. ತಂತಿ ಹರಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿ ತುಂಬಿ ಪೊಟ್ಟಣಗಳು ಕಳೆದುಹೋದಾಗ ಪ್ರತಿಯೊಂದು ಯಂತ್ರವೂ ಅವನ್ನೇ ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ಇನ್ನಷ್ಟು ತುಂಬುತ್ತಿತ್ತು. ವ್ಯಾನ್ ಜೇಕಬ್ಸನ್ ಎಂಬವರು ಮೈಕೇಲ್ ಕ್ಯಾರೆಲ್ಸರೊಡನೆ ಇದಕ್ಕೆ ಪರಿಹಾರ ಕಂಡು ೧೯೮೮ರಲ್ಲಿ ಪ್ರಕಟಿಸಿದರು. ಅದರ ಸಾರವಿಷ್ಟು: ಕಳುಹಿಸುವವನು ಆಳ ತಿಳಿಯದ ಹೊಳೆಗೆ ಇಳಿಯುವವನಂತೆ ಮೊದಲು ಸ್ವಲ್ಪವೇ ಕಳುಹಿಸಬೇಕು, ತಲಪಿತೆಂಬ ಉತ್ತರ ಬಂದ ಹಾಗೆಲ್ಲ ಹೆಚ್ಚಿಸಬೇಕು, ಪೊಟ್ಟಣ ಕಳೆದುಹೋದರೆ ಕೂಡಲೆ ತಗ್ಗಿಸಬೇಕು. ಇಂದು ನಮ್ಮ ಫೋನುಗಳಲ್ಲಿರುವುದು ಇದರಿಂದಲೇ ಬೆಳೆದುಬಂದ ಕ್ರಮ. ಆದುದರಿಂದ ಸಣ್ಣ ಕಡತವೊಂದು ಇಳಿಯಲು ಹಿಡಿದ ಕಾಲವನ್ನು ಗಡಿಯಾರದಲ್ಲಿ ನೋಡಿ ವೇಗವನ್ನು ಗುಣಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಹೊಳೆಯ ನಡುವಿಗೆ ಹೋಗುವ ಮೊದಲೇ ಕೆಲಸ ಮುಗಿದಿರುತ್ತದೆ. ಹತ್ತು ಸೆಕೆಂಡಾದರೂ ನಡೆಯುವ ಪರೀಕ್ಷೆ ಬೇಕು. ೪೦ರ ವೇಗದಲ್ಲಿ ಹತ್ತು ಸೆಕೆಂಡಿಗೆ ೫೦ ಮೆಗಾಬೈಟು ಖರ್ಚಾಗುತ್ತದೆಂಬುದನ್ನು ಫೋನಿನ ದಿನದ ಪ್ಯಾಕಿನಲ್ಲಿ ಅಳೆಯುವವರು ಮರೆಯಬಾರದು.

ಮೂರನೆಯ ಪ್ರಶ್ನೆ ಹೊತ್ತಿನದು. ನಾನು ದಿನಕ್ಕೆ ಮೂರು ಹೊತ್ತು, ಬೆಳಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟೂವರೆಗೆ, ಪ್ರತಿ ಹೊತ್ತಿನಲ್ಲಿಯೂ ಮೂರು ಮೂರು ಸಲ ತಂತಿಯಲ್ಲಿ ಅಳೆದು, ನಡುವಿನ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದೆ. ಬೆಳಗಿನ ಅಳತೆ ಹದಿನಾಲ್ಕು ದಿನವೂ ೩೭ಕ್ಕೂ ೩೮ಕ್ಕೂ ನಡುವೆ ಇತ್ತು. ಮೊದಲ ವಾರದ ರಾತ್ರಿಯ ಅಳತೆಗಳು ಹೀಗಿದ್ದುವು: ೧೪, ೧೨, ೩೧, ೧೩, ೧೬, ೧೫, ೧೧. ಸರಾಸರಿ ತೆಗೆದರೆ ೧೬; ಆದರೆ ಏಳು ರಾತ್ರಿಗಳಲ್ಲಿ ಐದು ರಾತ್ರಿ ಅಷ್ಟು ವೇಗವೇ ಬಂದಿಲ್ಲ. ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ನಾವು ಓದುವ ಮಧ್ಯಾಂಕ ಇಂಥ ಕಡೆಗಾಗಿಯೇ ಇರುವುದು. ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದರೆ ೧೪. ನಮ್ಮ ಮನೆಯ ರಾತ್ರಿಯ ನಿಜಸ್ಥಿತಿ ಅದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಬರುವ ಮಧ್ಯಾಂಕಕ್ಕೆ ಮನೆಯಲ್ಲಿಯೂ ಕೆಲಸವಿದೆಯೆಂದು ತಿಳಿದು ನನಗಂತೂ ಸಂತೋಷವಾಯಿತು.

ಆ ೩೧ ಎಲ್ಲಿಂದ ಬಂತು? ಅದು ಮಂಗಳವಾರ, ಊರ ಮಾರಮ್ಮನ ಹಬ್ಬದ ರಾತ್ರಿ. ಊರಿಗೆ ಊರೇ ಗುಡಿಯ ಮುಂದೆ ಇತ್ತು. ಮನೆಗಳಲ್ಲಿ ಫೋನು ನೋಡುವವರು ಇರಲಿಲ್ಲ. ಗುಂಪಿಗೆ ಸೇರದ ಅಂಕಿಯೆಂದು ಅದನ್ನು ಬದಿಗಿಡುವಂತಿಲ್ಲ. ನಮ್ಮ ತಂತಿ, ನಮ್ಮ ರೂಟರು, ಕಂಬದ ಪೆಟ್ಟಿಗೆ ಎಲ್ಲವೂ ರಾತ್ರಿಯ ಹೊತ್ತಿನಲ್ಲಿಯೂ ೩೧ನ್ನು ಸಾಗಿಸಬಲ್ಲವೆಂದೂ, ಜನ ಸೇರಿದಾಗ ಮಾತ್ರ ಎಲ್ಲಿಯೋ ಇಕ್ಕಟ್ಟಾಗುವುದೆಂದೂ ಅದೊಂದೇ ಅಂಕಿ ಸಾರಿ ಹೇಳುತ್ತದೆ. ಎಲ್ಲಿ ಎಂಬುದನ್ನು ಊಹಿಸುವುದಕ್ಕೂ ದಾರಿಯಿದೆ. ಗಾಜಿನೆಳೆಯ ಜಾಲದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಪದ್ಧತಿಯಲ್ಲಿ ಒಂದು ಎಳೆ ಸೆಕೆಂಡಿಗೆ ಸುಮಾರು ೨,೪೮೮ ಮೆಗಾಬಿಟ್ಟನ್ನು ಕೆಳಗಿಳಿಸುತ್ತದೆ. ಅದನ್ನು ಅನೇಕ ಮನೆಗಳಿಗೆ ಹಂಚಿರುತ್ತಾರೆ. ನಮ್ಮದನ್ನು ೩೨ ಮನೆಗಳಿಗೆ ಹಂಚಿದೆಯೆಂದು ತಂತಿ ಎಳೆಯಲು ಬಂದ ಹುಡುಗನೇ ಹೇಳಿದ್ದ. ಮೂವತ್ತೆರಡು ಮನೆಯವರೂ ಒಟ್ಟಿಗೆ ೪೦ರಂತೆ ಎಳೆದರೂ ೧,೨೮೦. ಎಳೆಯ ಅರ್ಧ ಸಾಮರ್ಥ್ಯವಷ್ಟೆ. ಆದುದರಿಂದ ಇಕ್ಕಟ್ಟು ಊರ ಎಳೆಯಲ್ಲಿಲ್ಲ; ಅದಕ್ಕೂ ಮೇಲೆ, ಬಹುಶಃ ಕಂಪೆನಿಯವರು ಹಲವು ಊರುಗಳಿಗೆ ಸೇರಿಸಿ ಪಡೆದಿರುವ ಹೆದ್ದಾರಿಯಲ್ಲಿದೆ ಎಂದು ನಾನು ತರ್ಕಿಸಿದೆ. ಒಳಗಿನ ಪರೀಕ್ಷೆ, ಹೊರಗಿನ ಪರೀಕ್ಷೆ ಎರಡೂ ರಾತ್ರಿ ಬಿದ್ದದ್ದು ಈ ತರ್ಕಕ್ಕೆ ಹೊಂದಿಕೊಂಡಿತು.

ವೇಗವೊಂದರಿಂದಲೇ ಎಲ್ಲವೂ ತಿಳಿಯುವುದಿಲ್ಲ. ಹೋಗಿಬರುವ ಕಾಲ ಎಂಬುದು ಬೇರೊಂದು ಅಳತೆ. ಒಂದು ಸಣ್ಣ ಪೊಟ್ಟಣ ಕಳುಹಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ನೋಡುವ 'ಪಿಂಗ್' ಎಂಬ ಸಾಧನವನ್ನು ಮೈಕ್ ಮ್ಯೂಸ್ ಎಂಬವರು ೧೯೮೩ರ ಡಿಸೆಂಬರಿನಲ್ಲಿ ಬರೆದರು. ಜಲಾಂತರ್ಗಾಮಿಗಳು ಕಳುಹಿಸುವ ಶಬ್ದದ ಪ್ರತಿಧ್ವನಿಯಿಂದ ಆ ಹೆಸರು. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ನೇರವಾಗಿ ಎಂಟುನೂರು ಕಿಲೋಮೀಟರಿಗೂ ಮಿಕ್ಕ ದೂರವಿರುವುದರಿಂದ, ಹೋಗಿಬರಲು ಒಂದು ಸೆಕೆಂಡಿನ ಸಾವಿರದಲ್ಲಿ ಎಂಟು ಪಾಲಾದರೂ ಬೇಕೇ ಬೇಕು. ಎಷ್ಟು ದುಡ್ಡು ಕೊಟ್ಟರೂ ಯಾವ ಕಂಪೆನಿಯೂ ಇದನ್ನು ಕಡಿಮೆ ಮಾಡಲಾರದು. ಆದರೆ ಕಡಿಮೆ ಮಾಡಬಹುದಾದ ಇನ್ನೊಂದು ವಿಳಂಬವಿದೆ. ದಾರಿ ತುಂಬಿದಾಗ ರೂಟರುಗಳು ಪೊಟ್ಟಣಗಳನ್ನು ಸಾಲಿನಲ್ಲಿ ನಿಲ್ಲಿಸುತ್ತವೆ. ಸಾಲು ಅತಿ ಉದ್ದವಾದರೆ ತುರ್ತಿನ ಪೊಟ್ಟಣವೂ ಹಿಂದೆ ನಿಂತು ಕಾಯುತ್ತದೆ. ಜಿಮ್ ಗೆಟ್ಟಿಸ್ ಎಂಬವರು ೨೦೧೦ರಲ್ಲಿ ಈ ದೋಷಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟರು. ಇದನ್ನು ಅಳೆಯುವುದು ಸುಲಭ: ಪಿಂಗ್ ಓಡುತ್ತಿರಲಿ, ನಡುವೆ ದೊಡ್ಡ ಕಡತವೊಂದನ್ನು ಕಳುಹಿಸಲು ತೊಡಗಿ. ನಮ್ಮಲ್ಲಿ ಸುಮ್ಮನಿದ್ದಾಗ ೧೨ ಮಿಲಿಸೆಕೆಂಡು ಇದ್ದದ್ದು ಕಳುಹಿಸುವಾಗ ೨೮೦ಕ್ಕೆ ಏರಿತು. ವೇಗದ ಸಂಖ್ಯೆ ಪೂರ್ತಿಯಿದ್ದರೂ ಪಾಠದಲ್ಲಿ ಅಧ್ಯಾಪಕರ ಮಾತು ಅರ್ಧಕ್ಕೆ ನುಂಗಿಹೋಗುವುದು ಇದರಿಂದ.

ಇನ್ನು ದೂರಿನ ವಿಷಯ. ಟ್ರಾಯ್ ೨೦೦೬ರಲ್ಲಿ ಹೊರಡಿಸಿದ ಗುಣಮಟ್ಟದ ನಿಯಮಾವಳಿಯಲ್ಲಿ, ಗ್ರಾಹಕನಿಗೆ ಒಪ್ಪಿದ ವೇಗದ ಶೇಕಡ ೮೦ಕ್ಕಿಂತ ಹೆಚ್ಚು ದೊರೆಯಬೇಕೆಂದಿತ್ತು. ಅಳತೆ 'ಕಂಪೆನಿಯ ಕೇಂದ್ರದಿಂದ ಗ್ರಾಹಕನವರೆಗೆ' ಎಂದೂ ಹೇಳಿತ್ತು. ಅದರ ಸ್ಥಾನಕ್ಕೆ ೨೦೨೪ರಲ್ಲಿ ಹೊಸ ನಿಯಮಾವಳಿ ಬಂದಿದೆ. ಎಲ್ಲಿಂದ ಎಲ್ಲಿಗೆ ಎಂಬುದನ್ನು ಕಾನೂನು ಬರೆದವರೂ ಬಿಡದೆ ಹೇಳಬೇಕಾಯಿತೆಂಬುದನ್ನು ಗಮನಿಸಬೇಕು. ೨೦೧೨ರ ದೂರು ನಿಯಮಗಳ ಪ್ರಕಾರ ಕಂಪೆನಿ ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು. ಪರಿಹಾರ ತೃಪ್ತಿಕರವಾಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಪ್ರಾಧಿಕಾರಿಗೆ ಬರೆಯಬಹುದು. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ.

ನಾನು ದೂರುಸಂಖ್ಯೆ ಪಡೆದ ಮೂರನೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ಒಬ್ಬರು ಬಂದು, ರೂಟರಿನ ಪಕ್ಕದಲ್ಲಿ ತಮ್ಮ ಫೋನಿನಿಂದ ಅಳೆದು, "ಮೂವತ್ತೆಂಟು ಬರ್ತಾ ಇದೆಯಲ್ಲ, ಸರಿಯಾಗಿದೆ" ಎಂದರು. ನಾನು ನೋಟ್‌ಬುಕ್ಕನ್ನು ಮುಂದಿಟ್ಟೆ. ಹದಿನಾಲ್ಕು ದಿನ, ನಲವತ್ತೆರಡು ಸಾಲು. ಪ್ರತಿ ಸಾಲಿನಲ್ಲಿ ದಿನಾಂಕ, ಗಂಟೆ, ತಂತಿಯೋ ವೈಫೈಯೋ, ಯಾವ ಪರೀಕ್ಷೆ, ಎದುರಿನ ಯಂತ್ರ ಯಾವ ಊರಿನದು, ಇಳಿಕೆ, ಏರಿಕೆ, ಹೋಗಿಬರುವ ಕಾಲ. ಅವರು ಸಜ್ಜನರು. ಎರಡು ಪುಟ ತಿರುವಿ, "ರಾತ್ರಿ ಹೊತ್ತು ಮೇಲಿನ ಲೈನು ಸಾಲ್ತಾ ಇಲ್ಲ, ನಮಗೂ ಗೊತ್ತು. ಬರವಣಿಗೆಯಲ್ಲಿ ಮೇಲಕ್ಕೆ ಹಾಕಿ" ಎಂದು ತಾವಾಗಿಯೇ ಹೇಳಿದರು. ಅವೇ ಪುಟಗಳ ಚಿತ್ರ ತೆಗೆದು ಮೇಲ್ಮನವಿಗೆ ಲಗತ್ತಿಸಿದೆ. ಊರಿನ ಇನ್ನೂ ಆರು ಮನೆಯವರು ತಮ್ಮ ಮನೆಯ ರಾತ್ರಿಯ ಅಳತೆಗಳನ್ನು ಸೇರಿಸಿಕೊಟ್ಟರು. ಅವರಲ್ಲಿ ಇಬ್ಬರಿಗೆ ಸಹಿ ಬರುವುದಿಲ್ಲ, ಅಂಕಿ ಓದಲು ಬರುತ್ತದೆ. ಇಪ್ಪತ್ತಮೂರು ದಿನಗಳ ಮೇಲೆ 'ನಿಮ್ಮ ದೂರನ್ನು ಪರಿಹರಿಸಲಾಗಿದೆ' ಎಂಬ ಒಂದು ಸಾಲಿನ ಉತ್ತರ ಬಂತು. ಏನು ಮಾಡಿದರೆಂದು ಬರೆದಿರಲಿಲ್ಲ. ಆ ವಾರದ ರಾತ್ರಿಯ ಮಧ್ಯಾಂಕ ೩೩. ತಂದೆಯವರಿಗೆ ಪುಟ ತೋರ���ಸಿದೆ. ಅವರು ಬೆರಳಿಟ್ಟು ಸಾಲುಗಳನ್ನು ಎಣಿಸಿ, ೪೦ಕ್ಕೆ ೩೩ ಎಂದರೆ ಇನ್ನೂ ಏಳು ಕಮ್ಮಿಯಲ್ಲವೇ ಎಂದು ಕೇಳಿದರು. ಎರಡು ಗೋಣಿಯದು, ಐದು ಕಂಪೆನಿಯದು ಎಂದೆ. ಐದನ್ನು ಬರೆದಿಡು ಎಂದರು.

ಕಳುಹಿಸುವಾಗ ಏರುವ ೨೮೦ ಮಾತ್ರ ಹಾಗೆಯೇ ಇದೆ; ಆ ಸಾಲು ನಿಲ್ಲುವುದು ನಮ್ಮ ರೂಟರಿನೊಳಗೆ, ಅದನ್ನು ಸರಿಪಡಿಸುವ ಏರ್ಪಾಡಿರುವ ರೂಟರಿಗೆ ಈಗ ಹಣವಿಲ್ಲ. ಸದ್ಯಕ್ಕೆ ರಾತ್ರಿ ಎಂಟರಿಂದ ಒಂಬತ್ತರವರೆಗೆ ಯಾರೂ ಏನನ್ನೂ ಕಳುಹಿಸಕೂಡದೆಂದು ತಂಗಿ ಒಂದು ಚೀಟಿ ಬರೆದು ರೂಟರಿನ ಹಲಗೆಗೆ ಅಂಟಿಸಿದ್ದಾಳೆ.